ಪಕ್ಷ ಬಿಟ್ಟವರ ಲೆಕ್ಕವನ್ನು ಹೇಗೆ ಕೇಳಬೇಕು?

(ತುಳಸಿಗೇರಿಯಲ್ಲಿ ಸೇರಿದ್ದ ಕಾರ್ಯಕರ್ತರ ಹಾಗೂ ರೈತರ ಸಭೆಯಲ್ಲಿ ನಮ್ಮ ಸಂಘಟಕರೊಬ್ಬರು ಮಾಡಿದ ಭಾಷಣ)



ಇವತ್ತಿನ ಸಭೆಯ ಮುಂದೆ ಎರಡು ವಿಷಯಗಳಿದ್ದವು. ಸದಸ್ಯತ್ವದ ವಿಷಯವನ್ನು ಈಗ ತಾನೇ ಮುಗಿಸಿದೆವು. ಎರಡನೆಯದು ಕಹಿಯಾದದ್ದು. ಐದು ವರ್ಷ ನಮ್ಮ ಘಟಕದ ಕಾರ್ಯದರ್ಶಿಯಾಗಿದ್ದ ಗೆಳೆಯರೊಬ್ಬರು ಕಳೆದ ತಿಂಗಳು ನಮ್ಮನ್ನು ಬಿಟ್ಟು ದೊಡ್ಡ ಪಕ್ಷವೊಂದನ್ನು ಸೇರಿದ್ದಾರೆ. ಅವರ ಹೆಸರನ್ನಾಗಲಿ ಆ ಪಕ್ಷದ ಹೆಸರನ್ನಾಗಲಿ ನಾನು ಎತ್ತುವುದಿಲ್ಲ. ಅದು ತಮಗೆಲ್ಲ ಗೊತ್ತಿದ್ದದ್ದೇ. ಅವರನ್ನು ದ್ರೋಹಿ ಎಂದು ಖಂಡಿಸಿ, ಆ ಖಂಡನೆಯನ್ನು ಅಚ್ಚು ಹಾಕಿಸಿ ಓಣಿ ಓಣಿಗೆ ಹಚ್ಚಬೇಕೆಂದು ನಮ್ಮ ತರುಣರು ಒಂದು ಠರಾವು ತಂದಿದ್ದಾರೆ. ಠರಾವಿಗೆ ಹನ್ನೊಂದು ಸಹಿಗಳಿವೆ.

ಅದನ್ನು ಓದುತ್ತಿರುವಾಗ ಹಿಂದೆ ಕುಳಿತಿದ್ದ ಯಜಮಾನರೊಬ್ಬರು ಎದ್ದು ಕೇಳಿದರು: "ಮಾಸ್ತರ್ರ, ಬಂಗಾರಪ್ಪನವರು ಎಷ್ಟು ಸಲ ಪಾರ್ಟಿ ಬಿಟ್ಟರು, ಎಷ್ಟು ಸಲ ಹಿಡಿದರು? ಆದರೂ ಮಂದಿ ಅವರನ್ನ ಆರಿಸಿ ತರಲಿಲ್ಲೇನು? ನಮ್ಮ ಹುಡುಗನ್ನ ಮಾತ್ರ ಯಾಕ ಬಯ್ಯತೀರಿ?"

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅದು ಉತ್ತರ ಕೊಡಲೇಬೇಕಾದ ಪ್ರಶ್ನೆ. ನಾನು ಮ್ಯಾಟ್ರಿಕ್ ಪಾಸಾದವನು, ಪಂಡಿತನಲ್ಲ. ಆದರೆ ಕೆಲವು ವರ್ಷ ಸಾಲಿಯಲ್ಲಿ ಕಲಿಸಿದ್ದೇನೆ. ಹುಡುಗನ ಲೆಕ್ಕ ತಪ್ಪಾದರೆ ಕೆಂಪು ಗೆರೆ ಎಳೆಯುವುದು ಸುಲಭ. ಯಾವ ಸಾಲಿನಲ್ಲಿ ತಪ್ಪಿದ, ಯಾವ ಸಾಲಿನ ತನಕ ಸರಿಯಾಗಿ ಬಂದಿದ್ದ ಎಂದು ತೋರಿಸುವುದು ಕಷ್ಟ. ತೋರಿಸದಿದ್ದರೆ ಅವನೂ ಕಲಿಯುವುದಿಲ್ಲ, ಪಕ್ಕದವನೂ ಕಲಿಯುವುದಿಲ್ಲ. ಆದುದರಿಂದ ಠರಾವನ್ನು ಮತಕ್ಕೆ ಹಾಕುವ ಮೊದಲು ಯಜಮಾನರು ಕೇಳಿದ ಮನುಷ್ಯನ ಲೆಕ್ಕವನ್ನೇ ಬಿಡಿಸಿ ನೋಡೋಣ. ಅದಕ್ಕೆ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ಒಂದು, ಯಾವ ಕೆಲಸಕ್ಕಾಗಿ ಹೋದರು? ಎರಡು, ಯಾರನ್ನು ಕೇಳಿ ಹೋದರು? ಮೂರು, ಹೋಗುವಾಗ ಜನ ಕೊಟ್ಟದ್ದನ್ನು ಜನರಿಗೇ ಒಪ್ಪಿಸಿದರೋ ಇಲ್ಲವೋ?

ಇದು ನಮ್ಮ ದೇಶಕ್ಕೆ ಮಾತ್ರ ತಗಲಿದ ರೋಗವೆಂದು ತಿಳಿಯಬೇಡಿರಿ. ಪಾರ್ಲಿಮೆಂಟು ಹುಟ್ಟಿ ಬೆಳೆದ ಇಂಗ್ಲೆಂಡಿನಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಚರ್ಚಿಲ್ 1904ರಲ್ಲಿ ಕನ್ಸರ್ವೇಟಿವ್ ಪಕ್ಷ ಬಿಟ್ಟು ಲಿಬರಲ್ ಪಕ್ಷ ಸೇರಿದ. ಇಪ್ಪತ್ತು ವರ್ಷಗಳ ಮೇಲೆ ತಿರುಗಿ ಹಳೆಯ ಮನೆಗೇ ಬಂದ. ಆದರೆ ಸಮಾಜವಾದಿಗಳಾದ ನಾವು ನೆನೆಯಬೇಕಾದವನು ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್. 1932ರಲ್ಲಿ ಕೋಮುವಾರು ತೀರ್ಪು ಕೊಟ್ಟವನೆಂದು, ಅದರ ವಿರುದ್ಧ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತರೆಂದು ಅವನ ಹೆಸರನ್ನು ನಾವು ಕೇಳಿದ್ದೇವೆ. ಆ ಮ್ಯಾಕ್‌ಡೊನಾಲ್ಡ್ ಸ್ಕಾಟ್ಲೆಂಡಿನ ಒಂದು ಮೀನುಗಾರರ ಊರಿನಲ್ಲಿ ಬಡ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲಿ ತಾನು ಕಲಿತ ಸಾಲಿಯಲ್ಲಿಯೇ ಮಕ್ಕಳಿಗೆ ಪಾಠ ಹೇಳಿದವನು. ಮಜೂರ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬನು. 1924ರಲ್ಲಿ ಆ ಪಕ್ಷದ ಮೊದಲ ಪ್ರಧಾನಮಂತ್ರಿಯಾದನು.

1931ರಲ್ಲಿ ಹಣಕಾಸಿನ ಬಿಕ್ಕಟ್ಟು ಬಂದಿತು. ಕೆಲಸವಿಲ್ಲದವರಿಗೆ ಸರ್ಕಾರ ಕೊಡುತ್ತಿದ್ದ ಭತ್ಯೆಯಲ್ಲಿ ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಬೇಕೆಂಬ ಒತ್ತಾಯ ಬಂದಾಗ ಅವನ ಮಂತ್ರಿಮಂಡಲವೇ ಒಡೆಯಿತು. ಆಗಸ್ಟ್ 24ರಂದು ಮ್ಯಾಕ್‌ಡೊನಾಲ್ಡ್ ತನ್ನ ಪಕ್ಷವನ್ನು ಬಿಟ್ಟು, ನಿನ್ನೆಯವರೆಗೆ ವಿರೋಧಿಸುತ್ತಿದ್ದ ಕನ್ಸರ್ವೇಟಿವರನ್ನೂ ಲಿಬರಲರನ್ನೂ ಕೂಡಿಕೊಂಡು ಪ್ರಧಾನಿಯಾಗಿಯೇ ಉಳಿದನು. ದೇಶಕ್ಕಾಗಿ ಮಾಡಿದೆ ಎಂದನು. ಮಜೂರ ಪಕ್ಷ ಅವನನ್ನು ಹೊರಗೆ ಹಾಕಿತು. ಅದೇ ಅಕ್ಟೋಬರಿನ ಚುನಾವಣೆಯಲ್ಲಿ ಆ ಪಕ್ಷ 52 ಸ್ಥಾನಗಳಿಗೆ ಇಳಿಯಿತು. ಅವನ ಸುತ್ತ ಇದ್ದವರು ಅವನ ಹಳೆಯ ವಿರೋಧಿಗಳೇ. 1935ರಲ್ಲಿ ಗಣಿ ಕೆಲಸಗಾರರ ಕ್ಷೇತ್ರವಾದ ಸೀಹ್ಯಾಮಿನಲ್ಲಿ ಮಜೂರ ಪಕ್ಷದ ಅಭ್ಯರ್ಥಿಯ ಕೈಯಲ್ಲಿ ಸೋತನು. ಇಲ್ಲಿ ನೋಡತಕ್ಕದ್ದು ಏನೆಂದರೆ, ಮ್ಯಾಕ್‌ಡೊನಾಲ್ಡ್ ಒಂದೇ ಒಂದು ಸಲ ಪಕ್ಷ ಬಿಟ್ಟವನು. ಆ ಒಂದು ಸಲಕ್ಕೇ ಬಡವರ ಪಕ್ಷ ನೆಲ ಕಚ್ಚಿತು. ಆದುದರಿಂದ ಎಷ್ಟು ಸಲ ಬಿಟ್ಟರು ಎಂಬ ಎಣಿಕೆಯಿಂದಲೇ ತೀರ್ಪು ಹೇಳಲಾಗದು.

ಈಗ ಬಂಗಾರಪ್ಪನವರ ವಿಷಯಕ್ಕೆ ಬರುತ್ತೇನೆ. ಅವರು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕುಬಟೂರಿನವರು. ಅಲ್ಲಿಂದ ಹತ್ತಿರದ ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಹಳ್ಳಿ ಇದೆ. 1951ರಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತರು. ನಮ್ಮ ಕಡೆ ಲಾವಣಿಗೆ ಮಾಡುವುದು, ಪಾಲಿಗೆ ಮಾಡುವುದು ಎನ್ನುತ್ತೇವಲ್ಲ, ಅಲ್ಲಿ ಅದು ಗೇಣಿ. ನಮ್ಮಲ್ಲಿ ಸೇರು ಇದ್ದಂತೆ ಅಲ್ಲಿ ಭತ್ತ ಅಳೆಯಲಿಕ್ಕೆ ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಬಳಸುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ತಕರಾರಾಗಿತ್ತು. ಒಂದು ಕೊಳಗದ ಅಳತೆಯಿಂದ ಎದ್ದ ಮಾತು ಉಳುವವನಿಗೇ ಭೂಮಿ ಎಂಬಲ್ಲಿಗೆ ಮುಟ್ಟಿತು. ಸಮಾಜವಾದಿ ಪಕ್ಷ ಅದನ್ನು ಕೈಗೆತ್ತಿಕೊಂಡಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಆ ಜೂನ್ ತಿಂಗಳಿನಲ್ಲಿ ಬಂದು ಗೇಣಿದಾರರ ಜೊತೆ ಗದ್ದೆಗಿಳಿದು ಬಂಧನಕ್ಕೆ ಒಳಗಾದರು. ಸತ್ಯಾಗ್ರಹ ಮಾಡಿದ ಗೇಣಿದಾರರಲ್ಲಿ ಬಹುಮಂದಿ ದೀವರು. ಬಂಗಾರಪ್ಪನವರು ಅದೇ ಜನಾಂಗದ ಮಗ. ಕಾನೂನು ಓದಿ ವಕೀಲರಾಗಿ, ಸಮಾಜವಾದಿಗಳ ನಡುವೆ ಬೆಳೆದು, 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಸೊರಬದ ಶಾಸಕರಾದರು. ಅದೇ ವರ್ಷ ಗೋಪಾಲಗೌಡರು ತೀರ್ಥಹಳ್ಳಿಯಿಂದ, ಜೆ. ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಬಂದರು. 1972ರಲ್ಲಿ ಬಂಗಾರಪ್ಪನವರು ಸಮಾಜವಾದಿಯಾಗಿಯೇ ಮತ್ತೊಮ್ಮೆ ಗೆದ್ದರು. ಇಲ್ಲಿಯ ತನಕ ಲೆಕ್ಕದಲ್ಲಿ ತಪ್ಪಿಲ್ಲ.

ಆ 1972ರ ಜೂನ್‌ನಲ್ಲಿ ಗೋಪಾಲಗೌಡರು ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅದೇ ಹೊತ್ತಿಗೆ ದೇವರಾಜ ಅರಸರು ಮುಖ್ಯಮಂತ್ರಿಯಾಗಿ ಭೂಸುಧಾರಣೆಯ ಕಾಯಿದೆಯನ್ನು ತಿದ್ದುತ್ತಿದ್ದರು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂದಿತು. ಗೇಣಿದಾರರು ಅರ್ಜಿ ಹಾಕಿ, ತಾಲೂಕಿನ ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುವ ಭೂಮಿಯನ್ನು ಪಡೆಯುವಂತಾಯಿತು. ಗೆಳೆಯರೇ, ಆ ಕಾಲದ ಸಮಾಜವಾದಿಗಳ ಸಂಕಟವನ್ನು ಸ್ವಲ್ಪ ಊಹಿಸಿರಿ. ಇಪ್ಪತ್ಮೂರು ವರ್ಷ ಲಾಠಿ ಏಟು ತಿಂದು, ಜೈಲು ಸೇರಿ ಬೇಡಿಕೊಂಡದ್ದನ್ನು ಕಾಂಗ್ರೆಸ್ಸಿನ ಮುಖ್ಯಮಂತ್ರಿಯೊಬ್ಬ ಕಾಯಿದೆ ಮಾಡಿ ಕೊಡುತ್ತಿದ್ದಾನೆ. ಹೊರಗೆ ನಿಂತು ಘೋಷಣೆ ಕೂಗಬೇಕೋ, ಒಳಗೆ ಹೋಗಿ ಆ ಕಾಯಿದೆಗೆ ಹೆಗಲು ಕೊಡಬೇಕೋ? ಬಂಗಾರಪ್ಪನವರು ಒಳಗೆ ಹೋದರು. ಕಾಗೋಡು ತಿಮ್ಮಪ್ಪನವರೂ ಮುಂದೆ ಅದೇ ದಾರಿ ಹಿಡಿದರು. ನಮ್ಮ ಮೊದಲನೆಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ, ಮತ್ತು ಅದು ಮರ್ಯಾದೆಯ ಉತ್ತರ. ಹೋದದ್ದಕ್ಕೆ ಒಂದು ಕೆಲಸವಿತ್ತು. ಆ ಕೆಲಸ ಬಡವರದಾಗಿತ್ತು. ಇದನ್ನು ಒಪ್ಪಿಕೊಳ್ಳದಿದ್ದರೆ ನಾವು ಅಪ್ರಾಮಾಣಿಕರಾಗುತ್ತೇವೆ.

ಆದರೆ ಮುಂದಿನ ಸಾಲುಗಳನ್ನು ನೋಡಿರಿ. 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. ಅರಸರಿಗಾಗಿ ಕಾಂಗ್ರೆಸ್ಸು ಸೇರಿದ್ದರೆ ಆಗ ಅರಸರ ಜೊತೆ ಹೊರಬರಬೇಕಿತ್ತು. ಬಂಗಾರಪ್ಪನವರು ಇಂದಿರಾ ಕಾಂಗ್ರೆಸ್ಸಿನಲ್ಲಿಯೇ ಉಳಿದು ಅದರ ರಾಜ್ಯಾಧ್ಯಕ್ಷರಾದರು. 1980ರಲ್ಲಿ ಮುಖ್ಯಮಂತ್ರಿಯ ಕುರ್ಚಿ ಗುಂಡೂರಾಯರಿಗೆ ಹೋಯಿತು. ಬಳಿಕ ಬಂಗಾರಪ್ಪನವರು ಹೊರಗೆ ಬಂದು ಅರಸರ ಕ್ರಾಂತಿರಂಗವನ್ನು ಸೇರಿದರು. 1982ರ ಜೂನ್‌ನಲ್ಲಿ ಅರಸರು ತೀರಿಕೊಂಡ ಮೇಲೆ ರಂಗದ ಮುಂದಾಳು ಅವರೇ. 1983ರಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಕೂಡಿ 95 ಸ್ಥಾನ ಗೆದ್ದು, ಕರ್ನಾಟಕದಲ್ಲಿ ಮೊಟ್ಟಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಊರೂರು ತಿರುಗಿ ಮತ ತಂದವರು ಬಂಗಾರಪ್ಪನವರು. ಮುಖ್ಯಮಂತ್ರಿಯಾದವರು ಆಗ ಶಾಸಕರೂ ಆಗಿರದ ರಾಮಕೃಷ್ಣ ಹೆಗಡೆಯವರು.

ಹೆಗಡೆಯವರೆಂದರೆ ನಮ್ಮ ಬಾಗಲಕೋಟೆಯ ಮಂದಿಗೆ ಬೇರೆ ಹೇಳಬೇಕಾಗಿಲ್ಲ. 1991ರಲ್ಲಿ ಅವರು ಲೋಕಸಭೆಗೆ ನಮ್ಮ ಕ್ಷೇತ್ರದಿಂದಲೇ ನಿಂತಿದ್ದರು. ರಾಷ್ಟ್ರದ ಧುರೀಣರೊಬ್ಬರನ್ನು ನಮ್ಮ ಹಿರಿಯರು ಸೋಲಿಸಿ, ರೈತರನ್ನು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡರನ್ನು ಆರಿಸಿದರು. ಆ ನ್ಯಾಮಗೌಡರು 2018ರ ಮೇ 28ರಂದು ಇದೇ ತುಳಸಿಗೇರಿಯ ಹತ್ತಿರ ಅಪಘಾತದಲ್ಲಿ ತೀರಿಕೊಂಡದ್ದನ್ನು ತಾವು ಮರೆತಿಲ್ಲ. ಈ ಮಾತನ್ನು ಯಾಕೆ ತೆಗೆದೆನೆಂದರೆ, ನಮ್ಮ ಮಂದಿ ದೊಡ್ಡ ಹೆಸರಿಗೆ ಮಾತ್ರ ಮಣೆ ಹಾಕುವವರಲ್ಲ. ಕಣ್ಣೆದುರಿಗೆ ಕಟ್ಟಿ ನಿಲ್ಲಿಸಿದ ಕೆಲಸವನ್ನೂ ತೂಗಿ ನೋಡುತ್ತಾರೆ. ಬಂಗಾರಪ್ಪನವರನ್ನು ಸೊರಬದ ಮಂದಿ ಮತ್ತೆ ಮತ್ತೆ ಆರಿಸಿದ್ದರಲ್ಲಿಯೂ ಈ ತೂಕ ಇದ್ದಿತು. ಯಜಮಾನರ ಪ್ರಶ್ನೆಗೆ ಇದು ಅರ್ಧ ಉತ್ತರ.

1983ರ ತರುವಾಯ ಬಂಗಾರಪ್ಪನವರು ಕಾಂಗ್ರೆಸ್ಸಿಗೆ ಮರಳಿದರು. 1985ರಲ್ಲಿ ಗೆದ್ದು ವಿರೋಧ ಪಕ್ಷದ ನಾಯಕರಾದರು. 1989ರಲ್ಲಿ ವೀರೇಂದ್ರ ಪಾಟೀಲರ ಮುಂದಾಳುತನದಲ್ಲಿ ಕಾಂಗ್ರೆಸ್ಸು 178 ಸ್ಥಾನ ಗೆದ್ದಿತು. ಒಂದು ವರ್ಷದೊಳಗೆ ದಿಲ್ಲಿಯವರು ಪಾಟೀಲರನ್ನು ಇಳಿಸಿದರು. 1990ರ ಅಕ್ಟೋಬರ್ 17ರಂದು ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಅವರು ಆಳಿದ್ದು ಎರಡು ವರ್ಷ ಒಂದು ತಿಂಗಳು. ಆ ಅವಧಿಯಲ್ಲಿ ರೈತರ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಪುಕ್ಕಟೆ ಕರೆಂಟು ಕೊಟ್ಟರು. ಮನೆಯಿಲ್ಲದವರಿಗೆ ಆಶ್ರಯ ಯೋಜನೆ, ಹಳ್ಳಿಯ ಕಸಬುದಾರರಿಗೆ ವಿಶ್ವ ಯೋಜನೆ, ಊರ ಗುಡಿಗಳ ದುರಸ್ತಿಗೆ ಆರಾಧನಾ ಯೋಜನೆ ತಂದರು. ಹಳ್ಳಿಯ ಸಾಲಿಯಲ್ಲಿ ಕಲಿತವರಿಗೆ ನೌಕರಿಯಲ್ಲಿ ಕೃಪಾಂಕ ಕೊಡಿಸಿದರು. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ ಅದನ್ನು ಮೀರಿ ಸುಗ್ರೀವಾಜ್ಞೆ ಹೊರಡಿಸಿದರು. ಸುಪ್ರೀಂ ಕೋರ್ಟು ಅದು ನಿಲ್ಲದೆಂದಿತು. ಆ ಡಿಸೆಂಬರಿನಲ್ಲಿ ನಡೆದ ಗಲಭೆಯಲ್ಲಿ ತಮಿಳು ಮಾತಾಡುವ ಬಡ ಕೂಲಿಗಳು ಪಟ್ಟ ಪಾಡು ನಮಗೆಲ್ಲ ನಾಚಿಕೆಯ ಸಂಗತಿ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಎರಡೂ ಕಡೆ ಬರೆದಿಟ್ಟರೆ ಮಾತ್ರ ಅದು ಲೆಕ್ಕ. ಇವತ್ತು ಆಶ್ರಯ ಮನೆಯಲ್ಲಿ ಮಲಗುವವನಿಗೆ, ಕೊಟ್ಟವರು ಯಾವ ಚಿಹ್ನೆಯವರು ಎಂಬ ಚಿಂತೆ ಇಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ.

1992ರ ನವೆಂಬರಿನಲ್ಲಿ ದಿಲ್ಲಿಯವರು ಅವರನ್ನೂ ಇಳಿಸಿದರು. ಅಲ್ಲಿಂದ ಮುಂದೆ ಸಾಲುಗಳು ಬೇಗ ಬೇಗ ಬರುತ್ತವೆ. 1994ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿದರು, ಹತ್ತು ಸ್ಥಾನ ಬಂದವು. 1996ರಲ್ಲಿ ಆ ಪಕ್ಷದಿಂದ ಶಿವಮೊಗ್ಗದ ಲೋಕಸಭಾ ಸದಸ್ಯರಾದರು. ಆಮೇಲೆ ಕರ್ನಾಟಕ ವಿಕಾಸ ಪಕ್ಷ, 1998ರಲ್ಲಿ ಸೋಲು. 1999ರಲ್ಲಿ ಕಾಂಗ್ರೆಸ್ಸಿನಿಂದ ಗೆಲುವು. 2004ರಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆಲುವು. 2005ರಲ್ಲಿ ಸಮಾಜವಾದಿ ಪಕ್ಷದಿಂದ ಗೆಲುವು. 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ಸೋಲು. 2009ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ನಿಂತು ಸೋಲು. ಕೊನೆಗೆ ಜಾತ್ಯತೀತ ಜನತಾದಳ. 2011ರ ಡಿಸೆಂಬರ್ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಈ ಸಾಲುಗಳಲ್ಲಿ ಮೊದಲನೆಯ ಪ್ರಶ್ನೆಯನ್ನು ಹಾಕಿ ನೋಡಿರಿ. ಯಾವ ಕೆಲಸಕ್ಕಾಗಿ? ಅರಸರ ಕಾಲದಲ್ಲಿ ಭೂಮಿಯ ಕಾಯಿದೆ ಎಂಬ ಉತ್ತರವಿತ್ತು. 1994ರಿಂದ ಮುಂದೆ ಅಂತಹ ಉತ್ತರ ನನಗೆ ಸಿಗುವುದಿಲ್ಲ. ಸಿಗುವುದೆಲ್ಲ ಒಬ್ಬ ಮನುಷ್ಯನಿಗೆ ಆದ ಅವಮಾನ, ಆ ಅವಮಾನದ ಸಿಟ್ಟು. ಸಿಟ್ಟಿಗೆ ಕಾರಣ ಇದ್ದಿರಬಹುದು. ಹಿಂದುಳಿದ ಜಾತಿಯ ಮಗನೊಬ್ಬ ಮೇಲೆ ಬಂದರೆ ದಿಲ್ಲಿಯವರು ಎಷ್ಟು ದಿನ ತಾಳುತ್ತಾರೆಂದು ಅವರು ಕೇಳಿದ್ದರೆ ಅದು ಸುಳ್ಳು ಪ್ರಶ್ನೆಯಲ್ಲ. ಆದರೆ ಆ ಸಿಟ್ಟು ಕಾಗೋಡಿನ ಮಣ್ಣಿನಿಂದ ಎದ್ದವರನ್ನು 2004ರಲ್ಲಿ ಕೋಮುವಾದದ ಮನೆಗೆ ಕರೆದುಕೊಂಡು ಹೋಯಿತು. ಆ ವರ್ಷ ಬಿಜೆಪಿ ವಿಧಾನಸಭೆಯಲ್ಲಿ 79 ಸ್ಥಾನ ಗೆದ್ದು ರಾಜ್ಯದ ಅತಿ ದೊಡ್ಡ ಪಕ್ಷವಾಯಿತು. ಬಂಗಾರಪ್ಪನವರು ಮರುವರ್ಷ ಹೊರಗೆ ಬಂದರು. ಅವರ ಜೊತೆ ಹೋದ ಮತ ಎಲ್ಲವೂ ಹೊರಗೆ ಬಂದಿತೇ ಎಂದು ಕೇಳಿಕೊಳ್ಳಿರಿ.

ಮೂರನೆಯ ಪ್ರಶ್ನೆಗೆ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. 2005ರಲ್ಲಿ ಬಿಜೆಪಿ ಬಿಡುವಾಗ ಅವರು ಲೋಕಸಭೆಯ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ನಿಮ್ಮ ಮತವನ್ನು ನಿಮಗೇ ಒಪ್ಪಿಸಿದ್ದೇನೆ, ಬೇಕಾದರೆ ಮತ್ತೆ ಕೊಡಿರಿ ಎಂಬಂತೆ ಶಿವಮೊಗ್ಗದ ಮಂದಿಯ ಮುಂದೆ ನಿಂತರು. ಹೊಸ ಚಿಹ್ನೆಯ ಮೇಲೆ ಮಂದಿ ಮತ್ತೆ ಕೊಟ್ಟರು. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿ ಆಯಾರಾಮ್ ಗಯಾರಾಮ್ ಎಂಬ ಗಾದೆಗೆ ಕಾರಣರಾದರು. ಅಂತಹವರೊಂದಿಗೆ ಬಂಗಾರಪ್ಪನವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಆದರೆ ಈ ರಾಜೀನಾಮೆಯೂ ಈಗ ಒಂದು ವ್ಯಾಪಾರವಾಗಿದೆ. 1985ರಲ್ಲಿ ಪಕ್ಷಾಂತರ ನಿಷೇಧದ ಕಾಯಿದೆ ಬಂದಿತು. ಮೂರರಲ್ಲಿ ಒಂದು ಪಾಲು ಶಾಸಕರು ಒಡೆದು ಹೋದರೆ ತಪ್ಪಲ್ಲ ಎಂಬ ಕಿಂಡಿ ಅದರಲ್ಲಿ ಉಳಿದಿತ್ತು. 2003ರಲ್ಲಿ ಅದನ್ನೂ ಮುಚ್ಚಿದರು. ಆಗ ಬೇರೆ ದಾರಿ ಹುಡುಕಿದರು. ಮೊದಲು ರಾಜೀನಾಮೆ ಕೊಡುವುದು, ಆಳುವ ಪಕ್ಷವನ್ನು ಬೀಳಿಸುವುದು, ಹೊಸ ಚಿಹ್ನೆಯ ಮೇಲೆ ತಿರುಗಿ ನಿಲ್ಲುವುದು, ಗೆದ್ದು ಮಂತ್ರಿಯಾಗುವುದು. 2019ರ ಜುಲೈ 23ರಂದು ನಮ್ಮ ರಾಜ್ಯದ ಸಮ್ಮಿಶ್ರ ಸರ್ಕಾರ ಹೀಗೆಯೇ ಬಿದ್ದಿತು. ಹದಿನೇಳು ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಅಂದ ಮೇಲೆ ಸ್ಥಾನ ಒಪ್ಪಿಸಿದರೆ ಸಾಲದು. ಎರಡನೆಯ ಪ್ರಶ್ನೆಗೆ ಉತ್ತರ ಬೇಕು: ಯಾರನ್ನು ಕೇಳಿ ಹೋದರು?

ನನ್ನ ಮುಖ್ಯ ಮಾತು ಇರುವುದು ಇಲ್ಲಿಯೇ. ಬಂಗಾರಪ್ಪನವರು ಯಾವ ಪಕ್ಷಕ್ಕೆ ಹೋದರೂ ಮಂದಿ ಅವರ ಹಿಂದೆ ಬಂದರು. ಅದು ಅವರ ದೊಡ್ಡ ಬಲ. ಆದರೆ ಬರುವಾಗ ಮಂದಿ ಬಂದರೇ ಹೊರತು ಮಂದಿಯ ಸಂಘ ಬರಲಿಲ್ಲ. ಹಳ್ಳಿಯ ಘಟಕ ಕೂಡಿ, ಹೋಗೋಣವೇ ಬೇಡವೇ ಎಂದು ಚರ್ಚೆ ಮಾಡಿ, ಕೈ ಎತ್ತಿ ತೀರ್ಮಾನಿಸಿ ಹೋದದ್ದಲ್ಲ. ಒಡೆಯನನ್ನು ಎದುರಿಸಿ ನಿಂತ ಗೇಣಿದಾರ ತನ್ನ ನಾಯಕನ ಹಿಂದೆ ಮಾತ್ರ ಕೇಳದೆ ನಡೆದನು. ಕ್ರಾಂತಿರಂಗ ಇವತ್ತು ಎಲ್ಲಿದೆ? ಕರ್ನಾಟಕ ಕಾಂಗ್ರೆಸ್ ಪಕ್ಷ ಎಲ್ಲಿದೆ? ಕರ್ನಾಟಕ ವಿಕಾಸ ಪಕ್ಷ ಎಲ್ಲಿದೆ? ಅವುಗಳ ಫಲಕ ಕೂಡ ಉಳಿದಿಲ್ಲ. ಉಳಿದದ್ದು ಮನೆತನ. 2018ರಲ್ಲಿ ಅದೇ ಸೊರಬದಲ್ಲಿ ಅವರ ಇಬ್ಬರು ಮಕ್ಕಳು ಎದುರುಬದುರು ನಿಂತರು. ಬಿಜೆಪಿಯ ಕುಮಾರ ಬಂಗಾರಪ್ಪನವರು ಗೆದ್ದರು, ಜನತಾದಳದ ಮಧು ಬಂಗಾರಪ್ಪನವರು ಸೋತರು. 2023ರಲ್ಲಿ ಮಧು ಅವರು ಕಾಂಗ್ರೆಸ್ಸಿನಿಂದ ನಿಂತು ಅಣ್ಣನನ್ನು ಸೋಲಿಸಿ ಶಾಲಾ ಶಿಕ್ಷಣದ ಮಂತ್ರಿಯಾದರು. ಗೇಣಿದಾರರ ಸಮಾಜವಾದ ಯಾವ ಮಗನ ಪಾಲಿಗೆ ಬಂದಿತು? ಇದನ್ನು ಕುಚೋದ್ಯಕ್ಕೆ ಕೇಳುತ್ತಿಲ್ಲ. ಘಟಕವಿಲ್ಲದೆ ನಾಯಕ ಬೆಳೆದರೆ, ಅವನ ನಂತರ ಹೊಲ ಮನೆ ಪಾಲಾದ ಹಾಗೆ ಪಕ್ಷವೂ ಪಾಲಾಗುತ್ತದೆ.

ಹಾಗಾದರೆ ಎಲ್ಲಿಯೂ ಹೋಗದ ಗೋಪಾಲಗೌಡರು ಏನು ಗಳಿಸಿದರು ಎಂದು ತರುಣರು ಕೇಳಬಹುದು. ಮಂತ್ರಿಯಾಗಲಿಲ್ಲ. 1957ರಲ್ಲಿ ಸೋತರು. ರೋಗದಲ್ಲಿ ಸವೆದು ಬೇಗ ಹೋದರು. ಆದರೆ ಅರಸರು ಕಾಯಿದೆ ತರುವ ಹೊತ್ತಿಗೆ ಆ ಕಾಯಿದೆ ಬೇಕೆಂಬ ಮಾತು ಹಳ್ಳಿಯ ಕಟ್ಟೆಯ ಮೇಲೆ ಮಲಗಿದವನ ಬಾಯಲ್ಲಿ ಕೂಡ ಇತ್ತಲ್ಲ, ಅದು ಎಲ್ಲಿಂದ ಬಂದಿತು? ಹೊರಗೆ ನಿಂತವರ ಕೂಗಿನಿಂದಲೇ ಬಂದದ್ದು. ನಮ್ಮ ಈ ಬಾಗಲಕೋಟೆ 1997ರಲ್ಲಿ ಜಿಲ್ಲೆಯಾದದ್ದು ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅವರೂ ಗೋಪಾಲಗೌಡರ ಗರಡಿಯವರೇ. ಒಳಗೆ ಹೋದವರ ಕೆಲಸವನ್ನು ಎಣಿಸುವಾಗ ಹೊರಗೆ ಉಳಿದವರ ಕೆಲಸವನ್ನೂ ಎಣಿಸಬೇಕು.

ಇನ್ನು ನಮ್ಮ ಗೆಳೆಯರ ವಿಷಯ. ಮೂರು ಪ್ರಶ್ನೆಗಳನ್ನು ಅವರಿಗೂ ಹಾಕುತ್ತೇನೆ. ಯಾವ ಕೆಲಸಕ್ಕಾಗಿ ಹೋದರು? ಮುಂದಿನ ತಾಲೂಕು ಪಂಚಾಯತಿಗೆ ಟಿಕೆಟ್ಟು ಕೊಡುತ್ತೇವೆಂದು ಹೇಳಿದ್ದಾರಂತೆ. ಅದು ಕೆಲಸವಲ್ಲ, ಕುರ್ಚಿ. ಇಲ್ಲಿ ಅವರ ಲೆಕ್ಕ ತಪ್ಪು. ಯಾರನ್ನು ಕೇಳಿ ಹೋದರು? ಯಾರನ್ನೂ ಕೇಳಲಿಲ್ಲ. ಇಲ್ಲಿಯೂ ತಪ್ಪು. ಕೊಟ್ಟದ್ದನ್ನು ಒಪ್ಪಿಸಿದರೇ? ಗೆಳೆಯರೇ, ಇದನ್ನು ಠರಾವು ಬರೆದವರು ಬರೆಯಲಿಲ್ಲ, ನಾನು ಹೇಳಬೇಕಾಗಿದೆ. ಹೋಗುವ ಹಿಂದಿನ ದಿನ ರಾತ್ರಿ ಅವರು ನನ್ನ ಮನೆಗೆ ಬಂದು ಸದಸ್ಯತ್ವದ ವಹಿ, ಪಾವತಿ ಪುಸ್ತಕ, ಉಳಿದಿದ್ದ 340 ರೂಪಾಯಿ ಎಲ್ಲವನ್ನೂ ನನ್ನ ಮುಂದೆ ಇಟ್ಟರು. ಎಣಿಸಿಕೊಳ್ಳಿ ಮಾಸ್ತರ್ರ ಎಂದರು. ಎಣಿಸಿದೆ. ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ಇಂತಹವರನ್ನು ದ್ರೋಹಿ ಎಂಬ ಶಬ್ದದಿಂದ ಕರೆದು ಗೋಡೆಗೆ ಹಚ್ಚಿದರೆ, ನಾಳೆ ನಿಜವಾದ ದ್ರೋಹಿ ಬಂದಾಗ ನಮ್ಮ ಬಳಿ ಶಬ್ದ ಉಳಿಯುವುದಿಲ್ಲ.

ಅವರು ಆ ರಾತ್ರಿ ಇನ್ನೊಂದು ಮಾತು ಹೇಳಿದರು. "ಏಳು ತಿಂಗಳಾತು, ಘಟಕದ ಸಭೆ ಕರದಿಲ್ಲ. ಯಾರನ್ನ ಕೇಳಲಿ ನಾನು?" ನಾನು ತಲೆ ತಗ್ಗಿಸಿದೆ. ಸಭೆ ಕರೆಯುವಂತೆ ನೋಡಿಕೊಳ್ಳಬೇಕಾದವನು ಸಂಘಟಕನಾದ ನಾನೇ. ಅವರು ಕೈಯಿಂದ ಖರ್ಚು ಹಾಕಿ ಬಾಗಲಕೋಟೆಗೆ ಓಡಾಡಿದರು. ಮನೆಯಲ್ಲಿ ಜಡ್ಡು ಬಿದ್ದಾಗ ನಮ್ಮಲ್ಲಿ ಒಬ್ಬರೂ ಹೋಗಿ ಮಾತಾಡಿಸಲಿಲ್ಲ.

ನನಗೂ ಕರೆ ಬಂದಿತ್ತು, ಮುಚ್ಚಿಡುವುದಿಲ್ಲ. ಕಳೆದ ಚುನಾವಣೆಗೆ ಮುಂಚೆ ಒಬ್ಬರು ಬಂದು, ಮಾಸ್ತರಕಿ ಬಿಟ್ಟು ಏನು ಗಳಿಸಿದಿರಿ, ನಮ್ಮ ಕಡೆ ಬನ್ನಿರಿ, ಸಂಬಳದ ಹಾಗೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡುತ್ತೇವೆ ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಎರಡು ಮಕ್ಕಳಿವೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ, ಈಗ ಇಲ್ಲಿ ಅಧ್ಯಕ್ಷರಾಗಿ ಕುಳಿತಿರುವ ಈ ಹಿರಿಯರು ಸುಟ್ಟುಹೋದ ಟಿ.ಸಿ.ಯ ಅರ್ಜಿ ಹಿಡಿದುಕೊಂಡು ನಿಂತಿದ್ದರು. ಮಾಸ್ತರ, ನಿನ್ನ ದಾರಿನೇ ಕಾಯಾಕತ್ತೀನಿ ಅಂದರು. ನಾನು ಹೋಗಲಿಲ್ಲ. ಅದು ನನ್ನ ದೊಡ್ಡಸ್ತಿಕೆ ಅಲ್ಲ. ನನ್ನ ದಾರಿ ಕಾಯುವವರೊಬ್ಬರು ಇದ್ದರು, ಅಷ್ಟೇ. ನಮ್ಮ ಕಾರ್ಯದರ್ಶಿಗೆ ಹಾಗೆ ಯಾರೂ ಇರಲಿಲ್ಲ.

ಆದುದರಿಂದ ಹನ್ನೊಂದು ಸಹಿಯ ಠರಾವನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ತರುಣರನ್ನು ಕೇಳಿಕೊಳ್ಳುತ್ತೇನೆ. ಅದರ ಬದಲು ಈ ಠರಾವನ್ನು ಮುಂದಿಡುತ್ತೇನೆ. ಒಂದು: ಗೆಳೆಯರು ಘಟಕವನ್ನು ಕೇಳದೆ ಹೋದದ್ದು ತಪ್ಪೆಂದು ಈ ಸಭೆ ಭಾವಿಸುತ್ತದೆ, ಲೆಕ್ಕವನ್ನು ಚೊಕ್ಕವಾಗಿ ಒಪ್ಪಿಸಿದ್ದನ್ನು ದಾಖಲೆ ಮಾಡುತ್ತದೆ. ಎರಡು: ಏಳು ತಿಂಗಳು ಸಭೆ ಕರೆಯದ ತಪ್ಪು ಸಂಘಟಕನದು, ಅದನ್ನು ಅವನ ಹೆಸರಿನಲ್ಲಿಯೇ ಬರೆಯತಕ್ಕದ್ದು. ಮೂರು: ಇನ್ನು ಮೇಲೆ ಪ್ರತಿ ತಿಂಗಳ ಮೊದಲ ಶನಿವಾರ ಇಲ್ಲಿ ಸಭೆ ಕೂಡತಕ್ಕದ್ದು. ಸುತ್ತಲಿನ ಊರವರು ಹನುಮಪ್ಪನ ದರ್ಶನಕ್ಕೆ ಹೇಗೂ ಬರುತ್ತಾರೆ. ಕಾಯಿ ಒಡೆಸಿಕೊಂಡು ಹೋಗುವ ದಾರಿಯಲ್ಲಿ ಒಂದು ತಾಸು ಕುಳಿತರೆ ಸಾಕು. ನಾಲ್ಕು: ಈ ಪಕ್ಷದಿಂದ ಯಾವುದೇ ಸ್ಥಾನಕ್ಕೆ ಆರಿಸಿ ಬಂದವರು ಪಕ್ಷ ಬಿಡಬೇಕೆಂದಾದರೆ ಮೊದಲು ಈ ಸಭೆಯ ಮುಂದೆ ನಿಂತು ಕಾರಣ ಹೇಳಿ, ಸ್ಥಾನ ಒಪ್ಪಿಸಿ ಹೋಗತಕ್ಕದ್ದು. ಈ ನಿಯಮ ಮೊದಲು ನನಗೆ ಅನ್ವಯಿಸತಕ್ಕದ್ದು.

ಯಜಮಾನರೇ, ತಮ್ಮ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಸೊರಬದ ಮಂದಿ ಬಂಗಾರಪ್ಪನವರನ್ನು ಆರಿಸಿದ್ದು ತಪ್ಪಲ್ಲ. ಅವರು ಮಂದಿಗೆ ಕೊಟ್ಟದ್ದು ಸುಳ್ಳೂ ಅಲ್ಲ. ಆದರೆ ಆರಿಸಿದ ಮೇಲೆ ಅವರನ್ನು ಕೂಡಿಸಿಕೊಂಡು, ಎಲ್ಲಿಗೆ ಹೊರಟಿರಿ ಎಂದು ಕೇಳುವ ಕಟ್ಟೆಯೊಂದು ಇರಲಿಲ್ಲ. ಆ ಕಟ್ಟೆಯನ್ನು ನಾವು ತುಳಸಿಗೇರಿಯಲ್ಲಿ ಕಟ್ಟೋಣ.

ಠರಾವನ್ನು ಸಭೆಯ ಮುಂದೆ ಇಟ್ಟಿದ್ದೇನೆ. ಯಾರಾದರೂ ಇದಕ್ಕೆ ವಿರೋಧವಾಗಿ ಮಾತಾಡುವುದಿದ್ದರೆ ದಯವಿಟ್ಟು ಮುಂದೆ ಬನ್ನಿರಿ. ಅವರ ಮಾತು ಮುಗಿದ ಮೇಲೆಯೇ ಕೈ ಎತ್ತಿಸೋಣ.